ಊರ ಫಿಲ್ಟರ್ ನೀರು: 5 ರೂಪಾಯಿಯ 20 ಲೀಟರ್ ಎಷ್ಟು ಚೊಕ್ಕ?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಕಡೆಯ ಹಳ್ಳಿಗಳಿಗೆ ಹೋದರೆ ಒಂದು ಪುಟ್ಟ ಶೆಡ್ಡು, ಅದರ ಮುಂದೆ ಸಾಲುಗಟ್ಟಿದ ಕ್ಯಾನುಗಳು ಕಣ್ಣಿಗೆ ಬೀಳುತ್ತವೆ. ಕಾಗದದಲ್ಲಿ ಅದು ಶುದ್ಧ ಕುಡಿಯುವ ನೀರಿನ ಘಟಕ, ಜನರ ಬಾಯಲ್ಲಿ ಫಿಲ್ಟರ್ ನೀರು. ಬಹಳ ಕಡೆ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ದರದ ಬಗ್ಗೆ ತಕರಾರಿಲ್ಲ. ಫ್ಲೋರೈಡ್ ಇರುವ ಊರಿಗೆ ಈ ಘಟಕ ಬೇಕೇ ಬೇಕು. ಆದರೆ ಯಂತ್ರ ಓಡುತ್ತಿದೆ ಅಂದಮಾತ್ರಕ್ಕೆ ನೀರು ಶುದ್ಧವಾಗುತ್ತಿದೆ ಎಂದು ನಂಬುವಂತಿಲ್ಲ.

ಬೋರ್ ನೀರಿನ ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ಆವಿಯಾದಷ್ಟು ನೀರು ಕಡಿಮೆಯಾಗಿ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಮನೆಯ ಕ್ಯಾಂಡಲ್ ಫಿಲ್ಟರಿಗೂ ಅದು ಸಿಗುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಒಪ್ಪಬಹುದು. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ, ಅದು ತಿಕ್ಕಿದರೆ ಹೋಗುವ ಕಲೆಯಲ್ಲ. ಇನ್ನೂ ಹೆಚ್ಚು ಫ್ಲೋರೈಡಿನ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲು, ಬೆನ್ನು ಬಿಗಿಯುತ್ತವೆ. ಸರಿಯಾಗಿ ನಡೆಯುವ ಆರ್‌ಒ ಮೆಂಬ್ರೇನ್ (ಒತ್ತಡದಲ್ಲಿ ನೀರನ್ನು ಬಿಟ್ಟು ಲವಣವನ್ನು ತಡೆಯುವ ತೆಳು ಪೊರೆ) ಇದರ ನೂರಕ್ಕೆ 90 ಭಾಗಕ್ಕೂ ಹೆಚ್ಚನ್ನು ತಡೆಯುತ್ತದೆ. ಈ ಒಂದು ಕೆಲಸಕ್ಕೇ ಘಟಕಕ್ಕೆ ಪೂರ್ಣ ಅಂಕ.

ಒಳಗೆ ಏನೇನಿದೆ ನೋಡೋಣ. ಬೋರ್ ನೀರು ಮೊದಲು ಮರಳಿನ ಸಿಲಿಂಡರಿಗೆ, ಅಲ್ಲಿಂದ ಇದ್ದಿಲಿನ ಸಿಲಿಂಡರಿಗೆ ಹೋಗುತ್ತದೆ. ಇದ್ದಿಲು ಕ್ಲೋರಿನ್ ಹೀರಿಕೊಳ್ಳಬೇಕು, ಏಕೆಂದರೆ ಕ್ಲೋರಿನ್ ತಗುಲಿದರೆ ಮೆಂಬ್ರೇನ್ ಕೆಡುತ್ತದೆ. ಆಮೇಲೆ ಸುಣ್ಣ ಕಟ್ಟದಂತೆ ಆಂಟಿಸ್ಕೇಲೆಂಟ್ ಹನಿಸುವ ಚಿಕ್ಕ ಪಂಪು, ಸಣ್ಣ ಕೆಸರು ಹಿಡಿಯುವ 5 ಮೈಕ್ರಾನ್ ಕಾರ್ಟ್ರಿಜ್, ಹೆಚ್ಚಿನ ಒತ್ತಡದ ಪಂಪು, ಮೆಂಬ್ರೇನ್, ಸಂಗ್ರಹದ ಟ್ಯಾಂಕು, ರೋಗಾಣು ಕೊಲ್ಲುವ ಯುವಿ ದೀಪ, ಕೊನೆಗೆ ನಲ್ಲಿ.

ಹಾಳಾಗುವುದು ಬಹುತೇಕ ಅಗ್ಗದ ಭಾಗಗಳಿಂದಲೇ. ಮರಳನ್ನು ದಿನಾ 10–15 ನಿಮಿಷ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯದಿದ್ದರೆ ಕೆಸರೆಲ್ಲ ಕಾರ್ಟ್ರಿಜ್ ಮೇಲೆ ಬೀಳುತ್ತದೆ. ಹೊಸ ಕಾರ್ಟ್ರಿಜ್ ಹತ್ತಿಯಂತೆ ಬೆಳ್ಳಗಿರುತ್ತದೆ. ನೋಡಿಕೊಳ್ಳುವವರಿಲ್ಲದ ಘಟಕದಲ್ಲಿ ಅದನ್ನು ಬಿಚ್ಚಿದರೆ ಇಟ್ಟಿಗೆ ಬಣ್ಣ, ಮುಟ್ಟಿದರೆ ಲೋಳೆ. ಅದರ ಎರಡೂ ಬದಿಗೆ ಒತ್ತಡದ ಮೀಟರ್ ಇರುತ್ತದೆ. ಎರಡರ ನಡುವಿನ ಅಂತರ ಚದರ ಸೆಂಟಿಮೀಟರಿಗೆ 1 ಕಿಲೋ ಆಸುಪಾಸಿಗೆ ಬಂದರೆ ಬದಲಾಯಿಸಲೇಬೇಕು. ಆಂಟಿಸ್ಕೇಲೆಂಟ್ ಡ್ರಮ್ಮು ಬರಿದಾದರೆ ಆ ದಿನ ಯಾರಿಗೂ ಗೊತ್ತಾಗುವುದಿಲ್ಲ. ದಿನ ಕಳೆದಂತೆ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟಿ ಒಳ್ಳೆ ನೀರಿನ ಹರಿವು ಇಳಿಯುತ್ತದೆ, ಹೊರಗೆ ಹೋಗುವ ನೀರು ಏರುತ್ತದೆ. ಹರಿವು ನೂರಕ್ಕೆ 10–15 ಭಾಗ ಇಳಿದಾಗಲೇ ಸಿಟ್ರಿಕ್ ಆಸಿಡ್ ದ್ರಾವಣದಲ್ಲಿ ತೊಳೆದರೆ ಮೆಂಬ್ರೇನ್ ಉಳಿಯುತ್ತದೆ. ಅರ್ಧಕ್ಕೆ ಇಳಿದ ಮೇಲೆ ಎಷ್ಟು ತೊಳೆದರೂ ಮೊದಲಿನಂತಾಗುವುದು ಕಷ್ಟ.

ಇನ್ನು ಜನ ಎಚ್ಚರದಿಂದ ಗಮನಿಸಬೇಕಾದ ಒಂದು ಮೋಸವಿದೆ. ಮೆಂಬ್ರೇನ್ ಕೆಟ್ಟಾಗ ಅದನ್ನು ಬಿಟ್ಟು, ಬರೀ ಮರಳು, ಇದ್ದಿಲು ದಾಟಿದ ನೀರನ್ನೇ ನಲ್ಲಿಗೆ ತಿರುಗಿಸಬಹುದು. ನಾಣ್ಯ ಹಾಕಿದರೆ ಆಗಲೂ ನೀರು ಬರುತ್ತದೆ, ತಿಳಿಯಾಗಿಯೂ ಇರುತ್ತದೆ, ಫ್ಲೋರೈಡ್ ಮಾತ್ರ ಹಾಗೇ ಇರುತ್ತದೆ. ಇದನ್ನು ಹಿಡಿಯಲು ಕೆಲವೇ ನೂರು ರೂಪಾಯಿಯ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸಾಕು. ಬೋರ್ ನೀರಿನಲ್ಲಿ ಲೀಟರಿಗೆ 1200 ಮಿಲಿಗ್ರಾಂ ತೋರಿಸಿದರೆ ಘಟಕದ ನೀರಿನಲ್ಲಿ 60ರಿಂದ 120ರೊಳಗೆ ಇರಬೇಕು. ಎರಡೂ ಹತ್ತಿರ ಹತ್ತಿರ ಇದ್ದರೆ ಮೆಂಬ್ರೇನ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಅದರ ಜೋಡಣೆಯ ರಬ್ಬರ್ ಬಳೆ (ಓ-ರಿಂಗ್) ಸೋರುತ್ತಿದೆ. ಮೀಟರಿನ ಉಪಯೋಗ ಅಷ್ಟಕ್ಕೇ ಸೀಮಿತ. ಕರಗಿದ ಲವಣಗಳನ್ನೆಲ್ಲ ಸೇರಿಸಿ ಅದು ಒಂದು ಅಂದಾಜು ಕೊಡುತ್ತದೆ. ಫ್ಲೋರೈಡ್ ಎಷ್ಟು, ರೋಗಾಣು ಇದೆಯೇ ಎಂದು ಅದು ಹೇಳಲಾರದು. ಟಿಡಿಎಸ್ 80 ಇರುವ ನೀರಿನಲ್ಲೂ ಭೇದಿಯ ರೋಗಾಣು ಇರಬಹುದು.

ನೀರು ಸಪ್ಪೆ ಎಂದು ದೂರು ಬಂದಾಗ ಸ್ವಲ್ಪ ಬೋರ್ ನೀರು ಬೆರೆಸುವ ವಾಲ್ವ್ ಕೆಲವು ಘಟಕಗಳಲ್ಲಿದೆ. ಇದರ ಲೆಕ್ಕ ತಪ್ಪಬಾರದು. ಬೋರ್ ನೀರಿನಲ್ಲಿ 3 ಮಿಲಿಗ್ರಾಂ, ಆರ್‌ಒ ನೀರಿನಲ್ಲಿ 0.2 ಮಿಲಿಗ್ರಾಂ ಫ್ಲೋರೈಡ್ ಇದೆ ಎನ್ನಿ. ಹತ್ತರಲ್ಲಿ ಒಂದು ಪಾಲು ಬೆರೆಸಿದರೆ ಸುಮಾರು 0.5 ಆಗುತ್ತದೆ, ತೊಂದರೆಯಿಲ್ಲ. ಅರ್ಧಕ್ಕರ್ಧ ಬೆರೆಸಿದರೆ 1.6. ಅಲ್ಲಿಗೆ ಮಾಡಿದ್ದೆಲ್ಲ ವ್ಯರ್ಥ.

ಯುವಿ ದೀಪ ನೀಲಿಯಾಗಿ ಉರಿದಮಾತ್ರಕ್ಕೆ ಅದರ ಶಕ್ತಿ ಉಳಿದಿದೆ ಎಂದಲ್ಲ. ಸುಮಾರು 9000 ಗಂಟೆ, ಎಂದರೆ ಬಿಡದೆ ಉರಿದರೆ ಒಂದು ವರ್ಷಕ್ಕೆ ದೀಪ ಬದಲಾಗಬೇಕು. ಇಷ್ಟಾದರೂ ಯುವಿ ದಾಟಿದ ನೀರಿನಲ್ಲಿ ಕಾಪಾಡುವ ಕ್ಲೋರಿನ್ ಇರುವುದಿಲ್ಲ. ಆದ್ದರಿಂದ ನಲ್ಲಿಯಿಂದ ಲೋಟದ ತನಕದ ದಾರಿಯೇ ಎಲ್ಲಕ್ಕಿಂತ ಅಪಾಯದ ದಾರಿ. ಬಿಸಿಲಲ್ಲಿಟ್ಟ ಕ್ಯಾನಿನ ತಳದ ಮೂಲೆಗೆ ಬೆರಳಾಡಿಸಿದರೆ ಹಸಿರು ಪಾಚಿ ಜಾರುತ್ತದೆ. ಮರಳು, ಕಲ್ಲು ಹಾಕಿ ಕುಲುಕುವ ರೂಢಿ ಬೇಡ. ಪ್ಲಾಸ್ಟಿಕ್ಕಿನಲ್ಲಿ ಗೀರು ಬಿದ್ದು ಅದರೊಳಗೇ ರೋಗಾಣು ಮನೆ ಮಾಡುತ್ತವೆ. 1 ಲೀಟರ್ ನೀರಿಗೆ ಕಾಲು ಟೀ ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರನ್ನು ಕ್ಯಾನಿಗೆ ಹಾಕಿ. ಎಲ್ಲ ಬದಿಗೂ ತಾಗುವಂತೆ 10 ನಿಮಿಷ ಹೊರಳಿಸಿ, ಫಿಲ್ಟರ್ ನೀರಿನಲ್ಲೇ ಎರಡು ಸಲ ಗಲಬರಿಸಿ. ವಾರಕ್ಕೊಮ್ಮೆ ಸಾಕು. ಚೊಂಬು ಮುಳುಗಿಸುವ ಬದಲು ಬಗ್ಗಿಸಿ ಸುರಿದುಕೊಳ್ಳಿ, ಅಥವಾ ನಲ್ಲಿ ಇರುವ ಡ್ರಮ್ಮು ಇಟ್ಟುಕೊಳ್ಳಿ.

ಅನುಮಾನವಿದ್ದರೆ ರೋಗಾಣು ಸೋಂಕು ಪತ್ತೆಮಾಡುವ ಎಚ್‌2ಎಸ್ ಬಾಟಲಿಯಲ್ಲಿ ಪರೀಕ್ಷಿಸಿ. ಗೆರೆಯ ತನಕ ನೀರು ತುಂಬಿ, ಬಾಟಲಿಯ ಬಾಯಿಗೆ ಬೆರಳು ತಾಗಿಸದೆ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದರೆ ನೀರಿಗೆ ಮಲದ ಸೋಂಕು ತಗುಲಿರುವ ಸೂಚನೆ. ಒಂದು ಬಾಟಲಿ ಘಟಕದ ನಲ್ಲಿಯಿಂದ, ಇನ್ನೊಂದು ಮನೆಯ ಕ್ಯಾನಿನಿಂದ ತುಂಬಿದರೆ ತಪ್ಪು ಎಲ್ಲಿದೆ ಎಂಬುದು ತಾನೇ ಗೊತ್ತಾಗುತ್ತದೆ. ಕಪ್ಪಾದ ಬಾಟಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಚೆಲ್ಲಿ. ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂಬ ನಿಯಮವಿದೆ. ಕಿಟ್ ಯಾರ ಬಳಿ ಇದೆ ಎಂದು ಪಂಚಾಯಿತಿಯಲ್ಲಿ ಕೇಳಿ.

ಇದನ್ನೆಲ್ಲ ಸರಿಮಾಡಿಕೊಂಡ ಮೇಲೂ ಬಹುತೇಕ ಮನೆಗಳಲ್ಲಿ ಒಂದು ತಪ್ಪು ಉಳಿಯುತ್ತದೆ: ಕುಡಿಯಲು ಫಿಲ್ಟರ್ ನೀರು, ಅಡುಗೆಗೆ ಬೋರ್ ನೀರು. ಮುದ್ದೆಯ ಎಸರು, ಅನ್ನದ ನೀರು, ಸಾರು, ಟೀ ಎಲ್ಲದರಲ್ಲೂ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಐದು ಜನರ ಮನೆಗೆ ಕುಡಿಯಲು 15, ಅಡುಗೆಗೆ 10 ಲೀಟರ್ ಬೇಕು, ಎಂದರೆ ದಿನಕ್ಕೆ ಒಂದೂಕಾಲು ಕ್ಯಾನು. ಪಾತ್ರೆ, ಬಟ್ಟೆ, ಸ್ನಾನಕ್ಕೆ ಬೋರ್ ನೀರೇ ಆಗಬಹುದು.

ಪರೀಕ್ಷೆಯಲ್ಲಿ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಫ್ಲೋರೈಡ್ 1ಕ್ಕಿಂತ ಕೆಳಗೆ, ನೈಟ್ರೇಟ್ 45ಕ್ಕಿಂತ ಕೆಳಗೆ, ಟಿಡಿಎಸ್ 500ರ ಆಸುಪಾಸಿನಲ್ಲಿದ್ದರೆ ಆರ್‌ಒ ಬೇಕಿಲ್ಲ. ಕ್ಲೋರಿನ್ ಸರಿಯಾಗಿ ಹಾಕಿದ ನಲ್ಲಿ ನೀರೇ ಸಾಕು. ಆರ್‌ಒ ಘಟಕ ಒಳಗೆ ಹೋದ ನೀರಿನ ಸುಮಾರು ಅರ್ಧವನ್ನು ಹೊರಗೆ ಬಿಡುತ್ತದೆ, ಆ ನೀರಿನಲ್ಲಿ ಲವಣ, ಫ್ಲೋರೈಡ್ ಹೆಚ್ಚುಕಡಿಮೆ ಇಮ್ಮಡಿ. ಅದನ್ನು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಬಹುದು. ದನ ಕುಡಿಯುವ ತೊಟ್ಟಿಗೆ ಬಿಡಬಾರದು, ಬೋರ್‌ವೆಲ್ ಪಕ್ಕದ ಇಂಗುಗುಂಡಿಗಂತೂ ಬಿಡಲೇಬಾರದು. ಬಿಟ್ಟರೆ ತೆಗೆದ ಫ್ಲೋರೈಡ್ ತಿರುಗಿ ಅದೇ ಬೋರಿಗೆ ಇಳಿಯುತ್ತದೆ.