ಮುರಕಲ್ಲಿನ ಮನೆಯಲ್ಲಿ ಓಪನ್‌ಡಬ್ಲ್ಯೂಆರ್‌ಟಿ: ನಾಲ್ಕು ಆವೃತ್ತಿಗಳ ಬಳಕೆಯ ನಂತರ

ಪುತ್ತೂರು ಸೀಮೆಯ ನಮ್ಮ ಮನೆಯ ವೈಫೈ 2021ರ ಕೊನೆಯಿಂದ ಓಪನ್‌ಡಬ್ಲ್ಯೂಆರ್‌ಟಿ ಎಂಬ ರೂಟರ್ ಸಾಫ್ಟ್‌ವೇರಿನ ಮೇಲೆ ನಡೆಯುತ್ತಿದೆ. ಆಗ ಹಾಕಿದ್ದು 21.02 ಆವೃತ್ತಿ, ಆಮೇಲೆ 22.03, 23.05, ಈಗ 24.10. ರೂಟರಿನ ಪೆಟ್ಟಿಗೆ ಮಾತ್ರ ಅಂದಿನದೇ. ಅದನ್ನು ತಯಾರಿಸಿದ ಕಂಪನಿ ಈ ಮಾದರಿಗೆ ಹೊಸ ಫರ್ಮ್‌ವೇರ್ (ಯಂತ್ರದೊಳಗೆ ಕುಳಿತು ಅದನ್ನು ನಡೆಸುವ ಸಾಫ್ಟ್‌ವೇರ್) ಕೊಡುವುದನ್ನು ಎಂದೋ ನಿಲ್ಲಿಸಿದೆ. ಆದರೂ ಅದರೊಳಗಿನ ಲಿನಕ್ಸ್ ಕರ್ನಲ್, ವೈಫೈ ಡ್ರೈವರ್, ಫೈರ್‌ವಾಲ್ ಎಲ್ಲಕ್ಕೂ ದುರಸ್ತಿಗಳು ಬರುತ್ತಲೇ ಇವೆ. ರೂಟರಿನಲ್ಲಿ ನಾನು ಇದಕ್ಕಿಂತ ದೊಡ್ಡ ಗುಣವನ್ನು ಕಂಡಿಲ್ಲ. ವೇಗ, ಆಂಟೆನಾಗಳ ಸಂಖ್ಯೆ, ರಟ್ಟಿನ ಡಬ್ಬಿಯ ಮೇಲೆ ಅಚ್ಚಾದ ಎಸಿ, ಎಎಕ್ಸ್ ಎಂಬ ಅಕ್ಷರಗಳು ಕೊಳ್ಳುವ ದಿನದ ಲೆಕ್ಕ. ಭದ್ರತೆಯ ಲೆಕ್ಕ ಶುರುವಾಗುವುದು ಕೊಂಡ ನಂತರ.

ಹೊಸಬರಿಗಾಗಿ ಎರಡು ಮಾತು. ಓಪನ್‌ಡಬ್ಲ್ಯೂಆರ್‌ಟಿ ಎನ್ನುವುದು ರೂಟರುಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸ್. ಕಂಪನಿಯ ಫರ್ಮ್‌ವೇರನ್ನು ಅಳಿಸಿ ಅದರ ಜಾಗದಲ್ಲಿ ಇದನ್ನು ಹಾಕಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. 2002ರ ಕೊನೆಗೆ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿ ರೂಟರಿನೊಳಗೆ ಲಿನಕ್ಸ್ ಇರುವುದನ್ನು ಬಳಕೆದಾರರು ಪತ್ತೆ ಹಚ್ಚಿದರು. ಲಿನಕ್ಸಿನ ಜಿಪಿಎಲ್ ಎಂಬ ಮುಕ್ತ ಸಾಫ್ಟ್‌ವೇರ್ ಪರವಾನಗಿಯ ಷರತ್ತಿನಂತೆ ಅದರ ಸೋರ್ಸ್ ಕೋಡ್ 2003ರಲ್ಲಿ ಹೊರಬಂತು. ಆ ಕೋಡನ್ನು ಆಧರಿಸಿ 2004ರಲ್ಲಿ ಈ ಯೋಜನೆ ಹುಟ್ಟಿತು. 2016ರಲ್ಲಿ ಒಂದು ಗುಂಪು ಲೀಡ್ ಎಂಬ ಹೆಸರಿನಲ್ಲಿ ಬೇರೆಯಾಗಿ, 2018ರಲ್ಲಿ ಮತ್ತೆ ಒಂದಾಯಿತು. ಇಷ್ಟು ಕಾಲ ಬಾಳಿದ ಸಾಫ್ಟ್‌ವೇರ್ ಎಂಬ ಕಾರಣಕ್ಕೇ ನನಗೆ ಇದರ ಮೇಲೆ ವಿಶ್ವಾಸ ಬಂದದ್ದು.

ಅದಕ್ಕೂ ಮೊದಲು ಇಂಟರ್ನೆಟ್ ಸಂಪರ್ಕ ಕೊಟ್ಟವರೇ ಕೂರಿಸಿಹೋದ ಪೆಟ್ಟಿಗೆಯನ್ನು ಬಳಸುತ್ತಿದ್ದೆವು. ಅದರಲ್ಲಿ ಡಬ್ಲ್ಯೂಪಿಎಸ್ (ಪಾಸ್‌ವರ್ಡಿನ ಬದಲು ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈಗೆ ಜೋಡಿಸುವ ಸೌಲಭ್ಯ) ಸದಾ ಚಾಲೂ, ಅದನ್ನು ಬಂದ್ ಮಾಡುವ ಆಯ್ಕೆಯೇ ಕಾಣಿಸುತ್ತಿರಲಿಲ್ಲ. ಡಬ್ಲ್ಯೂಪಿಎಸ್ ಪಿನ್‌ನ ದೋಷ 2011ರ ಡಿಸೆಂಬರಿನಲ್ಲೇ ಬಹಿರಂಗವಾಗಿತ್ತು. ಪಿನ್‌ನಲ್ಲಿ 8 ಅಂಕೆಗಳಿವೆ, ಆದರೆ ಕೊನೆಯದು ಉಳಿದವುಗಳ ತಾಳೆ ನೋಡುವ ಅಂಕೆ ಮಾತ್ರ. ಸಾಲದ್ದಕ್ಕೆ ಮೊದಲ ನಾಲ್ಕು ಅಂಕೆ ಸರಿಯೇ ತಪ್ಪೇ ಎಂಬುದನ್ನು ರೂಟರ್ ಪ್ರತ್ಯೇಕವಾಗಿ ತಿಳಿಸಿಬಿಡುತ್ತದೆ. ಹಾಗಾಗಿ ಕೋಟಿ ಸಾಧ್ಯತೆಗಳ ಬದಲು ಹತ್ತು ಸಾವಿರಕ್ಕೆ ಒಂದು ಸಾವಿರ ಸೇರಿಸಿ, ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಬಾಗಿಲು ತೆರೆಯುತ್ತದೆ. ಎಷ್ಟೇ ಉದ್ದದ ಪಾಸ್‌ವರ್ಡ್ ಇಟ್ಟರೂ ಪ್ರಯೋಜನವಿಲ್ಲ. ಜಗತ್ತಿಗೆಲ್ಲ ತಿಳಿದ ಇಂಥ ದೋಷವನ್ನು ವರ್ಷಗಟ್ಟಲೆ ಹಾಗೆಯೇ ಉಳಿಸಿಕೊಂಡ ಪೆಟ್ಟಿಗೆಗಳನ್ನು ಜನರ ಮನೆಗೆ ಕೊಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಓಪನ್‌ಡಬ್ಲ್ಯೂಆರ್‌ಟಿಯ ನಡವಳಿಕೆ ಇದಕ್ಕೆ ವಿರುದ್ಧ. ಹೊಸದಾಗಿ ಹಾಕಿದಾಗ ವೈಫೈ ಬಂದ್ ಆಗಿಯೇ ಇತ್ತು. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ 192.168.1.1 ತೆರೆದರೆ, ಪಾಸ್‌ವರ್ಡ್ ಇಟ್ಟಿಲ್ಲ ಎಂಬ ಎಚ್ಚರಿಕೆ ಪುಟದ ನೆತ್ತಿಯ ಮೇಲೆಯೇ ಕುಳಿತಿತ್ತು. ಡಬ್ಲ್ಯೂಪಿಎಸ್ ಬೇಕೆನ್ನುವವರು ಅದನ್ನು ತಾವಾಗಿಯೇ ಸೇರಿಸಿಕೊಳ್ಳಬೇಕು. ನಾನು ಸೇರಿಸಿಕೊಂಡಿಲ್ಲ.

ಹಾಕುವ ಮೊದಲು ರೂಟರಿನ ತಳದ ಚೀಟಿಯನ್ನು ಓದುವುದು ಮುಖ್ಯ. ಮಾದರಿಯ ಹೆಸರೊಂದೇ ಸಾಲದು, ಹಾರ್ಡ್‌ವೇರ್ ಆವೃತ್ತಿಯೂ ಬೇಕು. ಟಿಪಿ-ಲಿಂಕ್ ಆರ್ಚರ್ ಸಿ6ರ ಎರಡನೆಯ ಆವೃತ್ತಿಯಲ್ಲಿ ಕ್ವಾಲ್‌ಕಾಮ್ ಚಿಪ್ ಇದ್ದರೆ ಮೂರನೆಯದರಲ್ಲಿ ಮೀಡಿಯಾಟೆಕ್ ಇದೆ. ಹೆಸರು ಒಂದೇ, ಒಳಗಿನ ಯಂತ್ರ ಬೇರೆ. ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಆಗದು. ಇದೇ ಕಾರಣಕ್ಕೆ ನನ್ನ ಮಾದರಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ, ಒಳಗಿರುವುದನ್ನು ಮಾತ್ರ ಹೇಳುತ್ತೇನೆ: ಮೀಡಿಯಾಟೆಕ್ ಎಂಟಿ7621 ಚಿಪ್, 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್. 21.02ರಿಂದ ಈಚೆಗೆ ಕನಿಷ್ಠ 8 ಎಂಬಿ ಫ್ಲ್ಯಾಶ್ ಮತ್ತು 64 ಎಂಬಿ ರ್‍ಯಾಮ್ ಬೇಕು. ಅದಕ್ಕಿಂತ ಚಿಕ್ಕ ಹಳೆಯ ರೂಟರುಗಳಿಗೆ ಈ ದಾರಿ ಮುಚ್ಚಿದೆ.

21.02ರಲ್ಲಿ ನನ್ನನ್ನು ಸೆಳೆದದ್ದು ಡಬ್ಲ್ಯೂಪಿಎ3 ಎಂಬ ವೈಫೈ ಭದ್ರತೆಯ ಹೊಸ ವಿಧಾನ. ಅದು ಮೂಲ ಇಮೇಜಿನಲ್ಲೇ (ರೂಟರಿಗೆ ಹಾಕುವ ಫರ್ಮ್‌ವೇರ್ ಫೈಲಿನಲ್ಲೇ) ಸೇರಿತ್ತು. ಹಿಂದಿನ ವಿಧಾನವಾದ ಡಬ್ಲ್ಯೂಪಿಎ2ರ ದೌರ್ಬಲ್ಯ ಏನೆಂದರೆ, ಮೊಬೈಲ್ ರೂಟರಿಗೆ ಜೋಡಿಕೊಳ್ಳುವಾಗಿನ ನಾಲ್ಕು ಸಂದೇಶಗಳನ್ನು ಹೊರಗಿನವನೊಬ್ಬ ಗಾಳಿಯಲ್ಲೇ ಹಿಡಿದಿಟ್ಟುಕೊಂಡರೆ ಸಾಕು. ಆಮೇಲೆ ತನ್ನ ಮನೆಯಲ್ಲಿ ಕುಳಿತು, ನಮ್ಮ ರೂಟರಿನ ಹಂಗಿಲ್ಲದೆ, ಲಕ್ಷಗಟ್ಟಲೆ ಪಾಸ್‌ವರ್ಡುಗಳನ್ನು ಅದರ ಮೇಲೆ ಪರೀಕ್ಷಿಸಬಹುದು. ಮೊಬೈಲ್ ನಂಬರನ್ನೋ ಮಕ್ಕಳ ಹೆಸರನ್ನೋ ಪಾಸ್‌ವರ್ಡ್ ಮಾಡಿಕೊಂಡ ಮನೆಗಳು ಹೀಗೆಯೇ ಸಿಕ್ಕಿಬೀಳುತ್ತವೆ. ಡಬ್ಲ್ಯೂಪಿಎ3ರ ಎಸ್‌ಎಇ ವಿಧಾನದಲ್ಲಿ ಪ್ರತಿಯೊಂದು ಊಹೆಗೂ ರೂಟರಿನೊಂದಿಗೆ ಹೊಸದಾಗಿ ಮಾತುಕತೆ ನಡೆಸಬೇಕು. ಜೊತೆಗೆ ಸಂಪರ್ಕದ ನಿರ್ವಹಣೆಯ ಸಂದೇಶಗಳಿಗೂ ರಕ್ಷಣೆ ಕಡ್ಡಾಯವಾದ್ದರಿಂದ, ಸುಳ್ಳು ಸಂದೇಶ ಕಳುಹಿಸಿ ನಮ್ಮ ಮೊಬೈಲನ್ನು ವೈಫೈನಿಂದ ಹೊರದಬ್ಬುವ ಹಳೆಯ ಆಟವೂ ನಡೆಯುವುದಿಲ್ಲ.

ಆದರೆ ಮನೆಯಲ್ಲಿರುವುದೆಲ್ಲ ಹೊಸ ಮೊಬೈಲುಗಳಲ್ಲ. ಡಬ್ಲ್ಯೂಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ವಿಧಾನವನ್ನು ಮೊದಲು ಇಟ್ಟು ನೋಡಿದೆ. ಹಳೆಯ ಟಿವಿ ಹೇಗೋ ಹೊಂದಿಕೊಂಡಿತು. ಸೌರ ಇನ್ವರ್ಟರಿನ ವೈಫೈ ತುಣುಕು ಮಾತ್ರ ಜಪ್ಪಯ್ಯ ಎಂದರೂ ಜೋಡಿಕೊಳ್ಳಲಿಲ್ಲ. ಕೊನೆಗೆ ವೈಫೈಯನ್ನು ಮೂರು ಹೆಸರುಗಳಾಗಿ ಒಡೆದೆ. ಮನೆಯವರ ಮೊಬೈಲು, ಲ್ಯಾಪ್‌ಟಾಪುಗಳಿಗೆ ಶುದ್ಧ ಡಬ್ಲ್ಯೂಪಿಎ3. ನೆಂಟರಿಷ್ಟರಿಗೆ ಮಿಶ್ರ ವಿಧಾನದ ಅತಿಥಿ ಜಾಲ. ಅಲ್ಲಿ ಒಬ್ಬರ ಸಾಧನ ಇನ್ನೊಬ್ಬರದಕ್ಕೆ ಕಾಣಿಸುವುದಿಲ್ಲ. ಇನ್ವರ್ಟರ್, ಕ್ಯಾಮೆರಾ, ಟಿವಿಗಳಿಗೆ 2.4 ಗಿಗಾಹರ್ಟ್ಸ್‌ನಲ್ಲಿ ಡಬ್ಲ್ಯೂಪಿಎ2 (ಎಇಎಸ್ ಗೂಢಲಿಪಿ) ಮಾತ್ರ. ಈ ವ್ಯವಸ್ಥೆ ಅಂದಿನಿಂದ ಬದಲಾಗಿಲ್ಲ.

ಮೂರನೆಯ ಜಾಲದ ಬಗ್ಗೆ ಇನ್ನಷ್ಟು ಹೇಳಲೇಬೇಕು. ಅಗ್ಗದ ಕ್ಯಾಮೆರಾಗಳನ್ನು ಹಾಕಿಸಿಕೊಂಡವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ: ತೋಟದ ಗೇಟಿಗೊಂದು, ಅಡಿಕೆ ಅಂಗಳಕ್ಕೊಂದು. ನಾನು ಕ್ಯಾಮೆರಾಗಳನ್ನು ಪ್ರತ್ಯೇಕ ಫೈರ್‌ವಾಲ್ ವಲಯಕ್ಕೆ ಹಾಕಿ, ಅಲ್ಲಿಂದ ಇಂಟರ್ನೆಟ್ಟಿಗೂ ಮನೆಯ ಮುಖ್ಯ ಜಾಲಕ್ಕೂ ಹೋಗುವ ದಾರಿಯನ್ನು ಕಡಿದೆ. ಮುಖ್ಯ ಜಾಲದಿಂದ ಕ್ಯಾಮೆರಾ ನೋಡಬಹುದು, ಕ್ಯಾಮೆರಾದಿಂದ ಈಚೆಗೆ ಬರಲಾಗದು. ತಡೆದ ಪ್ರಯತ್ನಗಳನ್ನು ದಾಖಲಿಸುವಂತೆ ಹೇಳಿ ಸಂಜೆ ಲಾಗ್ ತೆರೆದಾಗ ಗೇಟಿನ ಕ್ಯಾಮೆರಾದ ಐಪಿ ವಿಳಾಸವೇ ಸಾಲುಸಾಲಾಗಿ ನಿಂತಿತ್ತು. ಯಾರೂ ಅದನ್ನು ನೋಡುತ್ತಿರದ ಹೊತ್ತಿನಲ್ಲೂ ಅದು ಹೊರದೇಶದ ಸರ್ವರುಗಳ ಬಾಗಿಲು ಬಡಿಯುತ್ತಲೇ ಇತ್ತು. ಅದರಲ್ಲಿ ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ, ಆ್ಯಪ್ ಕೆಲಸ ಮಾಡುವುದೇ ಹಾಗೆ. ಆದರೆ ನಮ್ಮ ಅಂಗಳದ ಚಿತ್ರ ಎಲ್ಲಿಗೆ ಹೋಗಬೇಕು ಎಂಬುದನ್ನು ನಿರ್ಧರಿಸಬೇಕಾದವರು ನಾವು. ಆ ಅಧಿಕಾರವನ್ನು ನನ್ನ ಕೈಗೆ ಕೊಟ್ಟ ಮೊದಲ ರೂಟರ್ ಇದು. ಊರಿನಿಂದ ದೂರ ಇರುವಾಗ ಕ್ಯಾಮೆರಾ ನೋಡಲು ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಗೂಢಲಿಪಿಯ ಸುರಂಗ) ಮೂಲಕ ಮನೆಯ ಜಾಲದೊಳಗೆ ಬರುತ್ತೇನೆ.

ವೈಫೈ ಹರಡಿಕೆಯ ವಿಷಯಕ್ಕೆ ಬಂದರೆ, ಮುರಕಲ್ಲಿನ ದಪ್ಪ ಗೋಡೆ ಯಾವ ಫರ್ಮ್‌ವೇರಿಗೂ ಬಗ್ಗುವುದಿಲ್ಲ. 5 ಗಿಗಾಹರ್ಟ್ಸ್ ತರಂಗ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಅಂಗಳದಾಚೆಯ ಶೆಡ್ಡಿಗೆ ಇಂಟರ್ನೆಟ್ ಬೇಕಿತ್ತು. ಕೇಬಲ್ ಎಳೆಯಬಹುದಿತ್ತು, ಆದರೆ ಏಪ್ರಿಲ್, ಮೇ ತಿಂಗಳ ಸಿಡಿಲನ್ನು ಕಂಡವರು ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಕಟ್ಟಲು ಹಿಂಜರಿಯುತ್ತಾರೆ. ಹಿಂದೆ ದೂರವಾಣಿ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಇದ್ದಾಗ ಮಳೆಗಾಲದ ಮುಂಚಿನ ಗುಡುಗಿಗೆ ಮೋಡೆಮ್ ಸುಟ್ಟುಹೋಗುವುದು ಹಳ್ಳಿಗಳಲ್ಲಿ ಮಾಮೂಲಾಗಿತ್ತು. ಫೈಬರ್ ಬಂದ ಮೇಲೆ ಆ ದಾರಿಯ ಅಪಾಯ ತಪ್ಪಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಹಾಗಾಗಿ ಶೆಡ್ಡಿನಲ್ಲಿ ಅದೇ ಚಿಪ್‌ನ ಇನ್ನೊಂದು ರೂಟರ್ ಇಟ್ಟು, ಕಿಟಕಿಯಿಂದ ಕಿಟಕಿಗೆ 802.11ಎಸ್ ಮೆಶ್ (ರೂಟರುಗಳೇ ಪರಸ್ಪರ ವೈಫೈನಲ್ಲಿ ಜೋಡಿಕೊಳ್ಳುವ ಜಾಲ) ಕಟ್ಟಿದೆ. ಇಲ್ಲೊಂದು ಸೂಕ್ಷ್ಮವಿದೆ. ಮೂಲ ಇಮೇಜಿನಲ್ಲಿರುವ, ವೈಫೈ ಭದ್ರತೆಯನ್ನು ನೋಡಿಕೊಳ್ಳುವ ಡಬ್ಲ್ಯೂಪ್ಯಾಡ್ ಪ್ಯಾಕೇಜಿನ ಚಿಕ್ಕ ರೂಪಕ್ಕೆ ಗೂಢಲಿಪೀಕರಿಸಿದ ಮೆಶ್ ಬರುವುದಿಲ್ಲ; ಅದನ್ನು ತೆಗೆದು ಮೆಶ್ ಬೆಂಬಲವಿರುವ ರೂಪವನ್ನು ಹಾಕಬೇಕು. ಇದು ತಿಳಿಯದೆ ಮೆಶ್ಶನ್ನು ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟರೆ ಮನೆಯ ಒಳಜಾಲಕ್ಕೆ ರಸ್ತೆಯಿಂದಲೇ ಬರಬಹುದು. ಚಾನೆಲ್ ಆಯ್ಕೆಯಲ್ಲೂ ಎಚ್ಚರ ಬೇಕು. ಮೊದಲು ದೇಶದ ಕೋಡನ್ನು ಭಾರತಕ್ಕೆ ಹೊಂದಿಸಬೇಕು. 2018ರಲ್ಲಿ ನಮ್ಮಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗ ಪರವಾನಗಿಯಿಂದ ಮುಕ್ತವಾಗಿದೆ. ಆದರೆ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರುಗಳೂ ಬಳಸುವುದರಿಂದ, ಅಲ್ಲಿ ಪ್ರಸಾರಕ್ಕೆ ಮುನ್ನ ರೂಟರ್ ಕನಿಷ್ಠ 1 ನಿಮಿಷ ಕಿವಿಗೊಟ್ಟು ಕೇಳಬೇಕು, ರೇಡಾರ್ ಕಂಡರೆ ಜಾಗ ಖಾಲಿ ಮಾಡಬೇಕು. ಕರೆಂಟು ಪದೇಪದೇ ಹೋಗಿಬರುವ ಊರಿನಲ್ಲಿ ಆ ತಲೆಬಿಸಿ ಬೇಡವೆಂದು ಚಾನೆಲ್ 36ರಲ್ಲಿ ನಿಂತಿದ್ದೇನೆ. ಒಂದೇ ರೇಡಿಯೋ ಮೆಶ್ಶನ್ನೂ ಮೊಬೈಲುಗಳನ್ನೂ ನಿಭಾಯಿಸುವುದರಿಂದ ಶೆಡ್ಡಿನಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ. ವಿಡಿಯೋ ಕರೆಗೆ ಅದು ಧಾರಾಳ. ಎರಡೂ ರೂಟರುಗಳಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಕೊಟ್ಟಿದ್ದೇನೆ.

ಡೇಟಾ ದಟ್ಟಣೆಯ ಸರದಿಯನ್ನು ನಿಭಾಯಿಸುವ ಎಸ್‌ಕ್ಯೂಎಂ ಎಂಬ ಪ್ಯಾಕೇಜಿನ ಉಪಕಾರವನ್ನೂ ನೆನೆಯಬೇಕು. ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗ ಇನ್ನೊಬ್ಬರ ಆನ್‌ಲೈನ್ ತರಗತಿ ತೊದಲುವುದು ನಿಂತದ್ದು ಇದರಿಂದ. ಸಂಪರ್ಕದ ವೇಗಕ್ಕಿಂತ ತುಸು ಕಡಿಮೆ ಮಿತಿ ಹಾಕಿದರೆ ಸರದಿ ರೂಟರಿನಲ್ಲೇ ಅಚ್ಚುಕಟ್ಟಾಗಿ ನಡೆಯುತ್ತದೆ. 100 ಎಂಬಿಪಿಎಸ್ ಸಂಪರ್ಕಕ್ಕೆ ಎಂಟಿ7621 ಸಾಕು. ಗಿಗಾಬಿಟ್ ಸಂಪರ್ಕವಿದ್ದವರು ಈ ಚಿಪ್‌ನಿಂದ ಅದನ್ನು ನಿರೀಕ್ಷಿಸಬಾರದು.

ಕೊರತೆಗಳಿವೆ. ಆವೃತ್ತಿ ಏರಿಸುವಾಗ ಸೆಟ್ಟಿಂಗುಗಳು ಉಳಿಯುತ್ತವೆ, ನಾವಾಗಿ ಸೇರಿಸಿದ ಪ್ಯಾಕೇಜುಗಳು ಉಳಿಯುವುದಿಲ್ಲ. ಮೆಶ್ಶಿನ ಡಬ್ಲ್ಯೂಪ್ಯಾಡ್ ಹೋದರೆ ಶೆಡ್ಡಿನ ಸಂಪರ್ಕವೇ ಕಡಿದುಹೋಗುತ್ತದೆ. ನಮ್ಮ ಪ್ಯಾಕೇಜುಗಳನ್ನು ಸೇರಿಸಿ ಇಮೇಜನ್ನು ಕಟ್ಟಿಕೊಡುವ ಸರ್ವರ್ ಸೇವೆಯಿಂದ ಈ ಕಷ್ಟ ತಪ್ಪುತ್ತದೆ, ನಾನು ಅದನ್ನೇ ನೆಚ್ಚಿಕೊಂಡಿದ್ದೇನೆ. 2024ರ ಡಿಸೆಂಬರಿನಲ್ಲಿ ಆ ಸೇವೆಯಲ್ಲೇ ಗಂಭೀರ ದೋಷ ಪತ್ತೆಯಾಯಿತು. ಇಮೇಜಿನ ಗುರುತಾಗಿ ಬಳಸುತ್ತಿದ್ದ ಎಸ್‌ಎಚ್‌ಎ-256 ಹ್ಯಾಶನ್ನು (ಬೆರಳಚ್ಚಿನಂಥ ಉದ್ದನೆಯ ಅಕ್ಷರಸಾಲನ್ನು) 12 ಅಕ್ಷರಗಳಿಗೆ ಕತ್ತರಿಸಿದ್ದರಿಂದ, ಒಬ್ಬರಿಗೆ ಸಲ್ಲಬೇಕಾದ ಇಮೇಜಿನ ಬದಲು ದುರುದ್ದೇಶದ ಇಮೇಜನ್ನು ತೂರಿಸುವ ಸಾಧ್ಯತೆ ಇತ್ತು. ವರದಿ ತಲುಪಿದ ಕೆಲವೇ ಗಂಟೆಗಳಲ್ಲಿ ಯೋಜನೆಯವರು ದುರಸ್ತಿ ಮಾಡಿ, ಏನಾಗಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿ, ಮುನ್ನೆಚ್ಚರಿಕೆಗಾಗಿ ಇಮೇಜನ್ನು ಮತ್ತೆ ಹಾಕಿಕೊಳ್ಳಿ ಎಂದು ಸಲಹೆ ಕೊಟ್ಟರು. ನಾನು ಅಂದೇ ಎರಡೂ ರೂಟರುಗಳಿಗೆ ಹೊಸದಾಗಿ ಹಾಕಿದೆ. ದೋಷ ಬಂತೆಂದು ನನ್ನ ನಂಬಿಕೆ ಕುಗ್ಗಲಿಲ್ಲ, ಅವರು ನಡೆದುಕೊಂಡ ರೀತಿ ಕಂಡು ಹೆಚ್ಚಿತು. 2017ರ ಕ್ರ್ಯಾಕ್ ದೋಷ, 2021ರ ಫ್ರ್ಯಾಗ್‌ಅಟ್ಯಾಕ್ಸ್ ದೋಷಗಳಲ್ಲಿ ಕೆಲವು ವೈಫೈಯ ನಿಯಮಗಳ ಬುಡದಲ್ಲೇ ಇದ್ದವು. ಅಂಥವು ಇನ್ನೂ ಬರುತ್ತವೆ, ಬಂದಾಗ ಯಾರು ಎಷ್ಟು ಬೇಗ ಸ್ಪಂದಿಸುತ್ತಾರೆ ಎಂಬುದನ್ನು ನೋಡಿಯೇ ನಾನು ಆಯ್ಕೆ ಮಾಡುತ್ತೇನೆ.

ಸೆಟ್ಟಿಂಗ್ ಪುಟ ತೆರೆಯಲು ಇಷ್ಟವಿಲ್ಲದವರಿಗೆ, ಮನೆಯಲ್ಲಿ ಯಾರೂ ನೋಡಿಕೊಳ್ಳುವವರಿಲ್ಲದ ಹಿರಿಯರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಅವರು ಭದ್ರತಾ ಅಪ್‌ಡೇಟುಗಳನ್ನು ಎಂದಿನವರೆಗೆ ಕೊಡುತ್ತೇವೆಂದು ಲಿಖಿತವಾಗಿ ಹೇಳುವ, ಅದನ್ನು ತಾನಾಗಿಯೇ ಹಾಕಿಕೊಳ್ಳುವ ರೂಟರ್ ಕೊಳ್ಳಲಿ. ಬ್ರಾಡ್‌ಕಾಮ್ ವೈಫೈ ಚಿಪ್ ಇರುವ ರೂಟರ್ ಈಗಾಗಲೇ ಇದ್ದರೆ ಓಪನ್‌ಡಬ್ಲ್ಯೂಆರ್‌ಟಿಯ ಆಸೆ ಬಿಡುವುದು ಲೇಸು, ಅವುಗಳಿಗೆ ಮುಕ್ತ ಡ್ರೈವರುಗಳ ಬೆಂಬಲ ತೀರಾ ಕಡಿಮೆ. ಇದಕ್ಕೆಂದೇ ಹೊಸದಾಗಿ ಕೊಳ್ಳುವವರು ಮೀಡಿಯಾಟೆಕ್‌ನ ಎಂಟಿ7981 ಚಿಪ್ ಇರುವ ವೈಫೈ 6 ಮಾದರಿಗಳನ್ನು ನೋಡಬಹುದು. ಯೋಜನೆಯವರೇ 2024ರಲ್ಲಿ ಹೊರತಂದ ಓಪನ್‌ಡಬ್ಲ್ಯೂಆರ್‌ಟಿ ಒನ್ ಕೂಡ ಅದೇ ಕುಟುಂಬದ ಚಿಪ್‌ನದು, 1 ಜಿಬಿ ರ್‍ಯಾಮ್ ಇದೆ. ನಮ್ಮ ಮುಖ್ಯ ರೂಟರಿನ ಸರದಿ ಮುಗಿದಾಗ ನಾನು ಅದನ್ನೇ ತರಿಸಿಕೊಳ್ಳಬೇಕೆಂದಿದ್ದೇನೆ, ಈಗಿನದು ಶೆಡ್ಡಿಗೆ ಹೋಗುತ್ತದೆ.