ಪುಣೆಯಲ್ಲಿ ಬ್ಲಾಕ್‌ಚೈನ್ ಸೆಟಪ್ ಮಾಡಿಸುವವರೇ, ಚೈನ್ ಐಡಿ ನೋಡದೆ ದುಡ್ಡು ಹಾಕಬೇಡಿ

ಹಿಂಜವಡಿಯ ನಮ್ಮ ಸಣ್ಣ ಆಫೀಸಿಗೆ ಒಂದು ಕೆಲಸ ಆಗಬೇಕಿತ್ತು. ಈಥೀರಿಯಂ ಕೆಲಸಕ್ಕೆ ಬಳಸುವ ಟೂಲ್ ಹಾರ್ಡ್‌ಹ್ಯಾಟ್‌ಗೆ ಪ್ಲಗಿನ್ ಹಾಕಿ, ನಮ್ಮದೇ ಗೆತ್ ನೋಡ್ (ಈಥೀರಿಯಂ ಜಾಲಕ್ಕೆ ಸೇರಿಸುವ ಸಾಫ್ಟ್‌ವೇರ್) ಮೂಲಕ ಸೆಪೋಲಿಯಾ ಅನ್ನೋ ಟೆಸ್ಟ್‌ನೆಟ್‌ಗೆ, ಅಂದರೆ ಪರೀಕ್ಷೆಗಿರುವ ಈಥೀರಿಯಂ ಜಾಲಕ್ಕೆ, ಜೋಡಿಸುವುದು. ಅಷ್ಟೇ. ಒಬ್ಬ ಫ್ರೀಲಾನ್ಸರ್ ಸಿಕ್ಕ. ಧಾರವಾಡದ ಕಡೆಯವನು, ನಮ್ಮ ಮಾತಿನವನು. ಅರ್ಧ ಮುಂಗಡ, ಉಳಿದದ್ದು ಡೆಮೊ ಆದ ಮೇಲೆ. ಎಲ್ಲರೂ ಮಾಡುವ ಹಾಗೇ.

ಡೆಮೊ ಭರ್ಜರಿ. ಕಾಂಟ್ರ್ಯಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಡಿಪ್ಲಾಯ್ ಆಯಿತು, ವಹಿವಾಟಿನ ಗುರುತಾದ ಹ್ಯಾಶ್ ಬಂತು, ಕಣ್ಣು ಮಿಟುಕಿಸುವಷ್ಟರಲ್ಲಿ. ಸೆಪೋಲಿಯಾದಲ್ಲಿ ಒಂದು ಬ್ಲಾಕ್‌ಗೆ 12 ಸೆಕೆಂಡ್ ಬೇಕು ಸ್ವಾಮಿ! ಆಗ ಹೊಳೆಯಲೇ ಇಲ್ಲ. ಪೂರ್ತಿ ದುಡ್ಡು ಹೋಯಿತು.

ಆಮೇಲೆ ಬಾಣೇರ್‌ನಲ್ಲಿ ಗ್ರಾಹಕರ ಮುಂದೆ ಅದನ್ನೇ ತೋರಿಸಿದೆ. ಅವರ ಟೀಮಿನ ಹುಡುಗಿಯೊಬ್ಬಳು ಹ್ಯಾಶನ್ನು ಈಥೀರಿಯಂ ವಹಿವಾಟು ಹುಡುಕುವ ಈಥರ್‌ಸ್ಕ್ಯಾನ್ ಸೈಟಿಗೆ ಹಾಕಿದಳು. ಇಲ್ಲ. ಮತ್ತೆ ಹಾಕಿದಳು. ಇಲ್ಲ. "ಸರ್, ಈ ಅಕೌಂಟ್‌ನಲ್ಲಿ 9999 ಈಥರ್ ಹೇಗಿದೆ?" ಅಂದಳು. ಯಾವ ಚೈನ್ ಅಂತ ಗುರುತಿಸುವ ನಂಬರ್, ಅದೇ ಚೈನ್ ಐಡಿ, ನನ್ನಿಂದ ತೆಗೆಸಿದಳು. 0x7a69 ಬಂತು. ಮಾಮೂಲಿ ಅಂಕೆಯಲ್ಲಿ 31337. ಹಾರ್ಡ್‌ಹ್ಯಾಟ್ ಕಂಪ್ಯೂಟರಿನೊಳಗೇ ಓಡಿಸುವ, ಪುಕ್ಕಟೆ ನಕಲಿ ಈಥರ್ ಇರುವ ಲೋಕಲ್ ಚೈನ್! ಸೆಪೋಲಿಯಾದ್ದು 11155111. ಎಲ್ಲರೂ ನನ್ನ ಮುಖ ನೋಡ್ತಿದ್ದಾರೆ. ಆ ಅವಮಾನ ಇನ್ನೂ ಮೈ ಉರಿಸುತ್ತೆ.

ಕಾನ್ಫಿಗ್ ಫೈಲ್ ತೆರೆದರೆ, ಹೆಸರು ಸೆಪೋಲಿಯಾ, ವಿಳಾಸ ಮಾತ್ರ 127.0.0.1:8545, ಅಂದರೆ ಅದೇ ಕಂಪ್ಯೂಟರ್. ಗೆತ್‌ನ ಮಾಮೂಲಿ ಪೋರ್ಟೂ 8545 ತಾನೆ, ಅನುಮಾನ ಬರೋದೇ ಇಲ್ಲ. ಚೈನ್ ಐಡಿ ಸಾಲೇ ಇಲ್ಲ. ಅದಿದ್ದಿದ್ದರೆ ಹಾರ್ಡ್‌ಹ್ಯಾಟೇ ಎರರ್ ಕೊಟ್ಟು ನಿಲ್ಲುತ್ತಿತ್ತು. ಬೇಕಂತಲೇ ಬಿಟ್ಟಿದ್ದಾನೆ. ಬೇಕಂತಲೇ!

ಫೋನ್ ಮಾಡಿದೆ. "ಗೆತ್ ಇನ್ನೂ ಸಿಂಕ್ ಆಗಾಕತ್ತೈತ್ರಿ ಸರ, ಅಲ್ಲೀತನಕ ಇದನ್ನ ಹಚ್ಚೀನಿ." ಸಿಂಕ್ ಎಲ್ಲಿಂದ ಆಗಬೇಕು? 2022ರಲ್ಲಿ ಈಥೀರಿಯಂ ಮೈನಿಂಗ್ ಬಿಟ್ಟ ಬದಲಾವಣೆ, ಅದೇ ಮರ್ಜ್, ಆದ ಮೇಲೆ ಗೆತ್ ಜೊತೆ ಲೈಟ್‌ಹೌಸೋ ಪ್ರಿಸಮ್ಮೋ ಯಾವುದಾದರೂ ಕನ್ಸೆನ್ಸಸ್ ಕ್ಲೈಂಟ್ (ಯಾವ ಬ್ಲಾಕ್ ಸರಿ ಅಂತ ಗೆತ್‌ಗೆ ಹೇಳುವ ಪ್ರೋಗ್ರಾಂ) ಓಡಲೇಬೇಕು. ಅವನು ಹಾಕೇ ಇಲ್ಲ. ಬೀಕನ್ ಕ್ಲೈಂಟ್ (ಅದೇ ಕನ್ಸೆನ್ಸಸ್ ಕ್ಲೈಂಟ್) ಕಾಣ್ತಿಲ್ಲ ಅಂತ ಲಾಗ್ ತುಂಬಾ ಒಂದೇ ಎಚ್ಚರಿಕೆ. ಅದನ್ನು ಕೇಳಿದರೆ, "ಟೆಸ್ಟ್‌ನೆಟ್ ಅಂದ್ರ ಟೆಸ್ಟ್ ಮಾಡಾಕ ಅಲ್ರೀ? ಟೆಸ್ಟ್ ಆಗಾಕತ್ತೈತಲ್ಲ ಮತ್ತ?" ಏನು ಧೈರ್ಯ ನೋಡಿ! ದುಡ್ಡು ವಾಪಸ್ ಕೊಡು ಅಂದೆ. "ಚಲೋ ಮಂದಿ ಅದೀರಿ, ಇಷ್ಟಕ್ಕ ಸಿಟ್ಟಾಗಬ್ಯಾಡ್ರಿ." ಅಲ್ಲಿಂದ ನನ್ನ ನಂಬರ್ ಬ್ಲಾಕ್.

ಇಂಥ ಕೆಲಸ ಕೊಡುವವರು ಚೈನ್ ಐಡಿಯನ್ನು ಕಾನ್ಫಿಗ್‌ನಲ್ಲಿ ಬರೆಸಿ. ಹ್ಯಾಶನ್ನು ಈಥರ್‌ಸ್ಕ್ಯಾನ್‌ನಲ್ಲಿ ನೀವೇ ಹುಡುಕಿ, ಸಿಕ್ಕ ಮೇಲೆ ಯುಪಿಐ ತೆರೆಯಿರಿ. ಊರಿನವನು, ಭಾಷೆಯವನು ಅಂತ ಸುಮ್ನೆ ರಿಯಾಯಿತಿ ಕೊಡಬೇಡಿ. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಅವನು ಇವತ್ತಿಗೂ "ನೋಡ್ ಸೆಟಪ್ ಮಾಡಿಕೊಡಲಾಗುವುದು" ಅಂತ ಹಾಕ್ತಾನೇ ಇದ್ದಾನೆ.