ಒಂದೆಲಗದ ಕ್ರೋಮೋಸೋಮ್ ಇಮ್ಮಡಿಸಲು: ಕಾಲ್ಚಿಸಿನ್ ಮೇಲೋ, ಒರೈಜಲಿನ್ ಮೇಲೋ?

ಕೊಡಗಿನ ತೋಟಗಾರರಿಗೆ ಬಹುಗುಣಿತ ಸಸ್ಯ, ಅಂದರೆ ಎರಡಕ್ಕಿಂತ ಹೆಚ್ಚು ಕ್ರೋಮೋಸೋಮ್ ಜೊತೆಗಳಿರುವ ಗಿಡ, ಅಪರಿಚಿತವೇನಲ್ಲ. ರೋಬಸ್ಟಾ ಕಾಫಿಯಲ್ಲಿ 22 ಕ್ರೋಮೋಸೋಮ್, ಅರೇಬಿಕಾದಲ್ಲಿ 44. ಅರೇಬಿಕಾದಲ್ಲಿ ಅದು ತಾನಾಗಿ ನಡೆದ ಕೆಲಸ. ಗದ್ದೆ ಬದುವಿನ ಒಂದೆಲಗದ 18ನ್ನು 36 ಮಾಡಬೇಕಾದರೆ ನಾವೇ ಕೈಹಾಕಬೇಕು. ಜೀನ್ ಪ್ರತಿಗಳು ಹೆಚ್ಚಿ ಕೋಶ ದೊಡ್ಡದಾದರೆ, ಗಾಯ ಮಾಯಿಸಲು ಬಳಸುವ ಏಷಿಯಾಟಿಕೋಸೈಡ್ ಕೂಡ ಹೆಚ್ಚೀತು ಎಂಬ ಆಸೆ.

ಇದಕ್ಕೆ ಬಳಸುವ ಕಾಲ್ಚಿಸಿನ್, ಒರೈಜಲಿನ್ ಎರಡೂ ರಾಸಾಯನಿಕಗಳು ಟ್ಯೂಬುಲಿನ್ ಪ್ರೋಟೀನಿಗೆ ಅಂಟಿಕೊಂಡು, ಕೋಶ ವಿಭಜನೆಯಲ್ಲಿ ಕ್ರೋಮೋಸೋಮ್‌ಗಳನ್ನು ಎರಡು ಬದಿಗೆ ಎಳೆಯುವ ಕದಿರೆಳೆಗಳು ಕಟ್ಟದಂತೆ ತಡೆಯುತ್ತವೆ. ಪ್ರತಿಯಾದ ಕ್ರೋಮೋಸೋಮ್‌ಗಳು ಒಂದೇ ಕೋಶದಲ್ಲಿ ಉಳಿದುಬಿಡುತ್ತವೆ. ವ್ಯತ್ಯಾಸವಿರುವುದು ಯಾರ ಟ್ಯೂಬುಲಿನ್ ಎಂಬುದರಲ್ಲಿ. ಕಾಲ್ಚಿಸಿನ್, ನಮ್ಮ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಮುಡಿಸುವ ತೋಕ್ ಪೂವಿನ ಗಿಡದಲ್ಲೂ ಇರುವ ವಿಷ. ಅದು ಪ್ರಾಣಿಗಳ ಟ್ಯೂಬುಲಿನ್ನನ್ನು ಬಿಗಿಯಾಗಿ, ಸಸ್ಯಗಳದ್ದನ್ನು ಸಡಿಲವಾಗಿ ಹಿಡಿಯುತ್ತದೆ. ಹಾಗಾಗಿ ನನ್ನ ಪ್ರಯೋಗದಲ್ಲಿ ಶೇ. 0.1ರ, ಅಂದರೆ ಸುಮಾರು 2.5 ಮಿಲಿಮೋಲಾರ್ ದ್ರಾವಣ ಬೇಕಾಯಿತು. ಕಳೆನಾಶಕವಾದ ಒರೈಜಲಿನ್ ಸಸ್ಯಗಳ ಟ್ಯೂಬುಲಿನ್ನನ್ನೇ ಬಿಗಿಯಾಗಿ ಹಿಡಿಯುವುದರಿಂದ 30 ಮೈಕ್ರೋಮೋಲಾರ್‌ಗೇ, ಅಂದರೆ ಸುಮಾರು ಎಂಬತ್ತರಲ್ಲೊಂದು ಪಾಲಿಗೇ, ಕೆಲಸ ಮುಗಿಸಿತು. ಕೈಗವಸು ತೊಟ್ಟು ದ್ರಾವಣ ಬೆರೆಸುವವರಿಗೆ ಈ ಅಂತರ ಸಣ್ಣದಲ್ಲ.

ಬಳಕೆಯಲ್ಲಿ ಕಾಲ್ಚಿಸಿನ್ ಸಲೀಸು: ನೀರಿನಲ್ಲಿ ಕರಗುತ್ತದೆ, ಬೆಳಕು ಬೀಳದಂತಿಟ್ಟರೆ ಸಾಕು. ಒರೈಜಲಿನ್‌ಗೆ ನೀರೆಂದರೆ ಆಗದು. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಬೆರೆಸಿದರೂ ಕಕ್ಕಡ ಮಾಸದ ಮಳೆಗಾಲದ ಥಂಡಿಯಲ್ಲಿ ದ್ರಾವಣ ಮಸುಕಾಗುತ್ತಿತ್ತು. ಆದರೂ ಕುಡಿಗಳು ಹೆಚ್ಚು ಉಳಿದದ್ದು ಅದರಲ್ಲೇ. ಕಾಲ್ಚಿಸಿನ್ ಕಂಡ ಕುಡಿಗಳಲ್ಲಿ ಬಹಳಷ್ಟು ಕಂದಾದವು. ಬದುಕಿದವು ವಾರಗಟ್ಟಲೆ ಮುನಿಸಿಕೊಂಡವರಂತೆ ಕುಳಿತವು.

ಮಿಶ್ರ ಗಿಡಗಳ ಕಾಟ ಎರಡರಲ್ಲೂ ಇದೆ: ಒಂದು ಪದರ ಇಮ್ಮಡಿಯಾಗಿ ಇನ್ನೊಂದು ಹಾಗೇ ಉಳಿಯುತ್ತದೆ. ಎಲೆಯ ಸಿಪ್ಪೆ ಸುಲಿದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಮ್ಮಡಿಯಾದವುಗಳ ಪತ್ರರಂಧ್ರಗಳು ದೊಡ್ಡದಾಗಿ, ವಿರಳವಾಗಿ ಕಾಣುತ್ತವೆ. ಅದು ಹೊರಪದರದ ಸಾಕ್ಷಿ ಮಾತ್ರ. ಬೇರಿನ ತುದಿಯಲ್ಲಿ ಕ್ರೋಮೋಸೋಮ್ ಎಣಿಸದೆ ನಂಬಬಾರದು. ಕೋಶಕೃಷಿಯಲ್ಲಿ ಬೆಳೆಯುವ ಕೋಶಗಳ ಮುದ್ದೆಯಾದ ಕ್ಯಾಲಸ್‌ನಲ್ಲಂತೂ ಪತ್ರರಂಧ್ರವೇ ಇಲ್ಲ, ಕೋಶದ ಡಿಎನ್‌ಎ ಅಳೆಯುವ ಫ್ಲೋ ಸೈಟೊಮೀಟರ್ ಯಂತ್ರಕ್ಕಾಗಿ ಮಾದರಿಯನ್ನು ಘಟ್ಟದಾಚೆ ಕಳುಹಿಸಬೇಕು. ಆದ್ದರಿಂದ ನಾನು ಈಗ ಕುಡಿಯನ್ನೇ ಒರೈಜಲಿನ್‌ನಿಂದ ಇಮ್ಮಡಿಸಿ, ಖಚಿತವಾದ ಗಿಡದ ಎಲೆಯಿಂದ ಕೋಶಕೃಷಿ ಎಬ್ಬಿಸುತ್ತೇನೆ.

ಇಮ್ಮಡಿಯಾದ ಎಲ್ಲ ಗಿಡಗಳೂ ಫಲ ಕೊಡಲಿಲ್ಲ. ಕೆಲವು ತಾಯಿಗಿಂತ ಕಡಿಮೆ ಏಷಿಯಾಟಿಕೋಸೈಡ್ ಕೊಟ್ಟವು. ಇಮ್ಮಡಿಯಾದ ಪ್ರತಿ ಗಿಡದ ಏಷಿಯಾಟಿಕೋಸೈಡನ್ನೂ ಎಚ್‌ಪಿಎಲ್‌ಸಿ ಎಂಬ ಪ್ರಯೋಗಾಲಯದ ವಿಶ್ಲೇಷಣೆಯಲ್ಲಿ ಅಳೆಸುವಷ್ಟು ಹಣವಿಲ್ಲದಿದ್ದರೆ ಎರಡರಲ್ಲಿ ಯಾವ ಬಾಟಲಿಯನ್ನೂ ಕೊಳ್ಳಬೇಡಿ.